ಮೇಯಿಸಿದ ಗುಡ್ಡ

ಕಳೆದ ಆಗಸ್ಟ್‌ನಿಂದ ಒಂದು ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿದೆ. ಇಂಗ್ಲೆಂಡಿನ ನೈಋತ್ಯದ ಗುಡ್ಡಗಾಡು ಎಕ್ಸ್‌ಮೂರ್‌ನಲ್ಲಿ ಅಪ್ಪನ ಜೊತೆ ನಡೆಯುತ್ತಿದ್ದೆ. ಬೆಳಗಿನಿಂದ ಓಕ್ ಮರಗಳ ಕಣಿವೆಯಲ್ಲಿ ಹತ್ತಿ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಕೊನೆಯ ಗೇಟು ದಾಟಿ ಬಯಲಿಗೆ ಬಂದೆವು. ಎದುರಿಗೆ ನೇರಳೆ ಬಣ್ಣದ ಗುಡ್ಡ, ಅದರ ಮೇಲೆ ಆಕಾಶ, ಅಷ್ಟೇ. ಹತ್ತಿರದಲ್ಲಿ ಒಂದು ಮರ ಇಲ್ಲ, ಮನೆ ಇಲ್ಲ, ಕರೆಂಟು ತಂತಿ ಇಲ್ಲ. ನನಗೆ ಎದೆ ತುಂಬಿ ಬಂತು. ‘ನೋಡಿ ಅಪ್ಪ, ಇಲ್ಲಿಂದ ಮುಂದೆ ಮನುಷ್ಯರದ್ದು ಅಂತ ಏನೂ ಇಲ್ಲ’ ಅಂದೆ. ಅಪ್ಪ ಮಾತಾಡಲಿಲ್ಲ. ಬಗ್ಗಿ ಒಂದು ಗಿಡದ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದರು. ನಾಲ್ಕು ಹೆಜ್ಜೆ ಆಚೆ ಹೋಗಿ ಇನ್ನೊಂದು ಗಿಡ ನೋಡಿದರು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು, ‘ಏನೂ ಇಲ್ಲ ಅಂತ ಹ್ಯಾಗೆ ಹೇಳ್ತೀಯ ಮಾರಾಯ? ಇದು ಮೇಯಿಸಿದ ಗುಡ್ಡ’ ಅಂದರು.

ಇಂಗ್ಲೆಂಡಿಗೆ ಬಂದು ನನಗೆ 11 ವರ್ಷ. ಬಿಡುವು ಸಿಕ್ಕಾಗಲೆಲ್ಲ ಎಕ್ಸ್‌ಮೂರ್‌ಗೆ ಓಡಿಬರುತ್ತೇನೆ. ತೆಗೆದ ಫೋಟೋಗಳಿಗೆ ಲೆಕ್ಕವಿಲ್ಲ. ಅವುಗಳ ಕೆಳಗೆ ನಾನು ಬರೆದದ್ದೆಲ್ಲ ಹೆಚ್ಚುಕಮ್ಮಿ ಒಂದೇ: ಯಾರೂ ಮುಟ್ಟದ ಕಾಡು, ಯಾರೂ ಮುಟ್ಟದ ಬಯಲು. ಅಪ್ಪ ಎರಡು ತಿಂಗಳ ಮಟ್ಟಿಗೆ ಬಂದವರು. ವಯಸ್ಸು 68. ಮಲೆನಾಡಿನಲ್ಲಿ ಅಡಿಕೆ ತೋಟ ಮಾಡಿಕೊಂಡು ಬಂದವರು. ಇಂಗ್ಲಿಷ್ ಅಷ್ಟಕ್ಕಷ್ಟೇ, ಇಲ್ಲಿನ ಗಿಡಮರಗಳ ಹೆಸರೂ ಗೊತ್ತಿಲ್ಲ. ಆದರೂ ಆ ಒಂದು ದಿನದಲ್ಲಿ ಅವರ ಕಣ್ಣಿಗೆ ಬಿದ್ದದ್ದು ನನಗೆ ಇಷ್ಟು ವರ್ಷ ಕಂಡಿರಲಿಲ್ಲ. ಯಾಕೆ ಕಾಣಲಿಲ್ಲ ಅನ್ನುವ ಪ್ರಶ್ನೆ ಇನ್ನೂ ಕೊರೆಯುತ್ತಿದೆ.

ತಡಬೆ

ನಾವು ಹೊರಟದ್ದು ಹಾರ್ನರ್ ಅನ್ನುವ ಪುಟ್ಟ ಹಳ್ಳಿಯಿಂದ. ಹೊಳೆ ಪಕ್ಕದಲ್ಲೇ ಕಣಿವೆ ಹತ್ತುವುದು, ಸ್ಟೋಕ್ ಪೀರೋ ಚರ್ಚಿನ ಹತ್ತಿರ ಬುತ್ತಿ ಬಿಚ್ಚುವುದು, ಅಲ್ಲಿಂದ ಡಂಕರಿ ಬೀಕನ್ ಶಿಖರ, ಇನ್ನೊಂದು ಕಡೆಯಿಂದ ಇಳಿದು ವಾಪಸ್. ಒಟ್ಟು ಸುಮಾರು 13 ಕಿಲೋಮೀಟರ್. ಡಂಕರಿಯ ಎತ್ತರ 519 ಮೀಟರ್, ಎಕ್ಸ್‌ಮೂರ್‌ಗೆಲ್ಲ ಅದೇ ಎತ್ತರದ ಜಾಗ. ಇಂಥ ನಡಿಗೆಗೆ ಎಷ್ಟು ಹೊತ್ತು ಬೇಕು ಅಂತ ಅಂದಾಜು ಹಾಕಲು ಇಲ್ಲಿಯವರು 1892ರಲ್ಲಿ ನೇಸ್ಮಿತ್ ಅನ್ನುವ ಸ್ಕಾಟ್‌ಲ್ಯಾಂಡಿನವರು ಹೇಳಿದ ಲೆಕ್ಕವನ್ನೇ ಈಗಲೂ ಬಳಸುತ್ತಾರೆ. 5 ಕಿಲೋಮೀಟರಿಗೆ ಒಂದು ಗಂಟೆ, ಮೇಲಕ್ಕೆ ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಆ ಲೆಕ್ಕದಲ್ಲಿ ನಮ್ಮದು ಮೂರೂವರೆ ಗಂಟೆಯ ದಾರಿ. ನಮಗೆ ಏಳೂವರೆ ಗಂಟೆ ಹಿಡಿಯಿತು. ಅಪ್ಪನ ಮಂಡಿ ಒಂದು ಕಾರಣ. ಅದಕ್ಕಿಂತ ಜಾಸ್ತಿ, ಅವರು ಪ್ರತಿಯೊಂದನ್ನೂ ನಿಂತು ನೋಡುತ್ತಿದ್ದರು.

ಮೊದಲು ನಿಂತದ್ದು ಒಂದು ಸ್ಟೈಲ್ ಮುಂದೆ. ಬೇಲಿ ದಾಟುವುದಕ್ಕೆ ಹಲಗೆ ಹೊಡೆದು ಮಾಡಿದ ಮೆಟ್ಟಿಲು. ಮನುಷ್ಯ ದಾಟಬಹುದು, ಕುರಿ ದಾಟಲಾರದು. ‘ಇದು ನಮ್ಮ ತಡಬೆ ಅಲ್ವಾ!’ ಅಂದರು ಅಪ್ಪ, ಕಳೆದುಹೋದ ಚಾಕು ಸಿಕ್ಕಿದ ಹಾಗೆ. ಎಷ್ಟೋ ವರ್ಷದಿಂದ ನಾನು ಅವನ್ನು ಹತ್ತಿ ಇಳಿದಿದ್ದೇನೆ. ಕನ್ನಡದಲ್ಲಿ ಇದಕ್ಕೆ ಒಂದು ಹೆಸರಿದೆ, ಆ ಹೆಸರು ನನಗೂ ಗೊತ್ತು ಅನ್ನುವುದು ಒಂದು ದಿನವೂ ನೆನಪಾಗಿರಲಿಲ್ಲ. ಮುಂದೆ ಒಂದು ಗೇಟು ಬಂತು. ಅಪ್ಪ ನಾನು ಹೇಳುವ ಮೊದಲೇ ದಾಟಿ, ತಿರುಗಿ, ಚಿಲಕ ಹಾಕಿ, ಎಳೆದು ನೋಡಿದರು. ತೆರೆದಿದ್ದ ಗೇಟನ್ನು ತೆರೆದೇ ಬಿಡಬೇಕು, ಮುಚ್ಚಿದ್ದನ್ನು ಮುಚ್ಚಬೇಕು ಅನ್ನುವುದು ಇಲ್ಲಿನ ಹಳ್ಳಿಗಾಡಿನ ಮೊದಲ ನಿಯಮ. ನಾನು ಅದನ್ನು ಬೋರ್ಡು ಓದಿ ಕಲಿತವನು. ಊರಲ್ಲಿ ಉಣುಗೋಲು (ಗೇಟಿನ ಅಡ್ಡಗಳ) ಹಾಕದೆ ಬಂದ ಹುಡುಗನಿಗೆ ಅಪ್ಪನ ಕಾಲದಲ್ಲಿ ಏನಾಗುತ್ತಿತ್ತೋ, ಅವರಿಗೆ ಬೋರ್ಡು ಬೇಕಾಗಿರಲಿಲ್ಲ.

‘ಬೇರೆಯವರ ಜಾಗದಲ್ಲಿ ಹೀಗೆ ಹೋದರೆ ಬೈಯಲ್ವಾ?’ ಅಂತ ಎರಡು ಸಲ ಕೇಳಿದರು. ಇಲ್ಲ ಅಂತ ಅವರನ್ನು ನಂಬಿಸುವುದೇ ಕಷ್ಟವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೀಗೆ ಖಾಸಗಿ ಜಮೀನಿನ ನಡುವೆ ಹೋಗುವ ಹಕ್ಕಿನ ದಾರಿಗಳು ಸುಮಾರು 2,25,000 ಕಿಲೋಮೀಟರ್ ಇವೆ. ಜಮೀನು ಯಾರದ್ದೇ ಇರಲಿ, ದಾರಿ ಎಲ್ಲರದ್ದು. ಬಯಲು ಗುಡ್ಡದ ಕಥೆ ಮಾತ್ರ ಬೇರೆ. ಅಲ್ಲಿ ಬೇಟೆಗೆ ಅಂತ ಹಕ್ಕಿ ಸಾಕುತ್ತಿದ್ದ ಯಜಮಾನರು ಜನರನ್ನು ಬಿಡುತ್ತಿರಲಿಲ್ಲ. 1932ರ ಏಪ್ರಿಲ್ 24ರಂದು ಪೀಕ್ ಡಿಸ್ಟ್ರಿಕ್ಟ್‌ನ ಕಿಂಡರ್ ಸ್ಕೌಟ್ ಗುಡ್ಡಕ್ಕೆ ನೂರಾರು ಜನ, ಹೆಚ್ಚಿನವರು ಫ್ಯಾಕ್ಟರಿ ಊರುಗಳ ಹುಡುಗರು, ಬೇಕೆಂದೇ ನುಗ್ಗಿದರು. ಐದು ಜನ ಜೈಲಿಗೆ ಹೋದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು. ಗುಡ್ಡದ ಮೇಲೆ ದಾರಿ ಬಿಟ್ಟು ಎಲ್ಲಿ ಬೇಕಾದರೂ ಓಡಾಡುವ ಹಕ್ಕು ಕಾನೂನಾಗಿ ಬಂದದ್ದು 2000ದಲ್ಲಿ. ಒಂದು ಗುಡ್ಡದ ಮೇಲೆ ಸುಮ್ನೆ ನಡೆಯುವುದಕ್ಕೆ ಇಷ್ಟು ಹೋರಾಟ. ಅಪ್ಪ ಪೂರ್ತಿ ಕೇಳಿಸಿಕೊಂಡು, ‘ಹಾಗಾದ್ರೆ ಈ ದಾರಿ ಯಾರು ಸವರ್ತಾರೆ?’ ಅಂದರು.

ಯಾರು ಸವರುತ್ತಾರೆ. ಯಾರು ನೋಡಿಕೊಳ್ಳುತ್ತಾರೆ. ದಿನವಿಡೀ ಅವರದ್ದು ಇದೇ ಪ್ರಶ್ನೆ. ನನಗೆ ಆಗ ಸ್ವಲ್ಪ ಬೇಜಾರೇ ಆಯಿತು. ನಾನು ಅವರಿಗೆ ಚಂದ ತೋರಿಸಲು ಕರೆತಂದಿದ್ದೆ, ಅವರು ಕೆಲಸ ನೋಡುತ್ತಿದ್ದರು.

ಸೊಪ್ಪು ಕಡಿದ ಮರ

ಹಾರ್ನರ್ ವುಡ್ ಸುಮಾರು 800 ಎಕರೆಯ ಹಳೆಯ ಓಕ್ ಕಾಡು. ಸಮುದ್ರ ಹತ್ತಿರ, ಮಳೆ ಜಾಸ್ತಿ, ಕಣಿವೆಯೊಳಗೆ ತೇವ ಆರುವುದೇ ಇಲ್ಲ. ಮರದ ಕೊಂಬೆಗಳ ಮೇಲೆಲ್ಲ ಪಾಚಿ, ಪಾಚಿಯ ಮೇಲೆ ಸಣ್ಣ ಜರಿಗಿಡ, ತೊಗಟೆಯ ತುಂಬ ಬೂದು ಹಸಿರು ಕಲ್ಲುಹೂವು. ಇಂಥ ಕಾಡಿಗೆ ಸಮಶೀತೋಷ್ಣ ಮಳೆಕಾಡು ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಉಳಿದಿರುವುದು ಬಹಳ ಕಡಿಮೆ. ಕೆಳಗೆ ಹೊಳೆ ಕಲ್ಲುಗಳ ನಡುವೆ ಸದ್ದು ಮಾಡಿಕೊಂಡು ಇಳಿಯುತ್ತದೆ. ವಸಂತದಲ್ಲಿ ಆಫ್ರಿಕಾದಿಂದ ಬರುವ ಸಣ್ಣ ಹಕ್ಕಿಗಳು ಮರದ ಪೊಟರೆಯಲ್ಲಿ ಗೂಡು ಮಾಡುತ್ತವೆ, ಆಗ ಕಾಡೆಲ್ಲ ಅವುಗಳ ದನಿ. ಆಗಸ್ಟ್‌ನಲ್ಲಿ ಅವೂ ಇಲ್ಲ. ಹೊಳೆಯ ಸದ್ದು ಮತ್ತು ನಮ್ಮ ಕಾಲ ಸದ್ದು, ಎರಡೇ.

ಅಪ್ಪ ಒಂದು ದೊಡ್ಡ ಓಕ್ ಮರದ ಸುತ್ತ ಬಂದರು. ಬುಡ ಎಷ್ಟು ದಪ್ಪ ಅಂದರೆ ನಾವಿಬ್ಬರೂ ಸೇರಿ ತಬ್ಬಿದರೂ ಸಾಲದು. ಆದರೆ ತಲೆಯಿಂದ ಸ್ವಲ್ಪ ಮೇಲಕ್ಕೆ ಆ ದಪ್ಪ ಕಾಂಡ ನಿಂತೇಹೋಗಿ, ಅಲ್ಲಿಂದ ಏಳೆಂಟು ಕೊಂಬೆಗಳು ಕೈ ಬೆರಳಿನ ಹಾಗೆ ಎದ್ದಿದ್ದವು. ನಾನು ಎಷ್ಟೋ ಸಲ ಫೋಟೋ ತೆಗೆದ ಮರ ಅದು. ಗಾಳಿಗೆ, ವಯಸ್ಸಿಗೆ ಹೀಗಾಗಿದೆ ಅಂದುಕೊಂಡಿದ್ದೆ. ಅಪ್ಪ ಆ ಗಂಟಿನ ಮೇಲೆ ಕೈ ಇಡಲು ತುದಿಗಾಲಲ್ಲಿ ನಿಂತರು. ‘ಇದು ಸೊಪ್ಪು ಕಡಿದ ಮರ. ಒಂದು ಸಲ ಕಡಿದದ್ದಲ್ಲ. ಎಷ್ಟು ತಲೆಮಾರು ಕಡಿದಿದ್ದಾರೋ!’ ಅಂದರು. ಅವರು ಮಾತಾಡಿದ ರೀತಿ ನನಗೆ ಮರೆಯುವುದಿಲ್ಲ. ಹಳೆಯ ಪರಿಚಯದವರ ಮನೆ ಬಾಗಿಲಲ್ಲಿ ನಿಂತು ಮಾತಾಡಿಸಿದ ಹಾಗಿತ್ತು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮನೆಗೆ ಬಂದ ಮೇಲೆ ಓದಿ ನೋಡಿದೆ. ಹೀಗೆ ಎತ್ತರದಲ್ಲಿ ಕಡಿಯುವುದಕ್ಕೆ ಪೊಲಾರ್ಡಿಂಗ್ ಅನ್ನುತ್ತಾರೆ. ಕಾಡಿನೊಳಗೆ ದನ ಕುರಿ ಮೇಯುತ್ತಿದ್ದವು. ಬುಡಕ್ಕೆ ಕಡಿದರೆ ಹೊಸ ಚಿಗುರನ್ನು ಅವು ತಿಂದುಬಿಡುತ್ತವೆ. ಅದಕ್ಕೆ ಅವುಗಳ ಬಾಯಿಗೆ ಸಿಗದಷ್ಟು ಮೇಲೆ ಕಡಿಯುವುದು. ಸ್ವಲ್ಪ ಮುಂದೆ ಬೇರೆ ತರದ ಮರಗಳು ಬಂದವು, ಒಂದೇ ಬುಡದಿಂದ ನಾಲ್ಕೈದು ಕಾಂಡ ಎದ್ದವು. ಅವು ನೆಲಮಟ್ಟಕ್ಕೆ ಕಡಿದು ಚಿಗುರಿಸಿದವು. ಓಕ್ ಕಟ್ಟಿಗೆ ಸುಟ್ಟು ಇದ್ದಿಲು ಮಾಡುತ್ತಿದ್ದರು. ವಸಂತದಲ್ಲಿ ಮರಕ್ಕೆ ರಸ ಏರಿದಾಗ ತೊಗಟೆ ಸುಲಭವಾಗಿ ಬಿಡುತ್ತದೆ, ಅದನ್ನು ಸುಲಿದು ಚರ್ಮ ಹದ ಮಾಡಲು ಕೊಡುತ್ತಿದ್ದರು. ಪಕ್ಕದ ಪೋರ್ಲಾಕ್‌ನಲ್ಲೇ ಚರ್ಮ ಹದ ಮಾಡುವ ಕಾರ್ಖಾನೆ ಇತ್ತು. ದಾರಿಯ ಪಕ್ಕದಲ್ಲಿ ಇಳಿಜಾರನ್ನು ಕೊರೆದು ಮಾಡಿದ ಚಪ್ಪಟೆ ಜಾಗಗಳಿವೆ. ನಾನು ಅಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ, ಕೂರುವುದಕ್ಕೆ ಎಷ್ಟು ಚೆನ್ನಾಗಿದೆ ಅಂತ. ಅವು ಇದ್ದಿಲು ಸುಟ್ಟ ತಟ್ಟುಗಳು. ನಾನು ಯಾರೂ ಮುಟ್ಟದ ಕಾಡು ಅಂದದ್ದು ಒಂದು ಕೆಲಸದ ಅಂಗಳಕ್ಕೆ.

ನಮ್ಮ ಮನೆಗೂ ಸೊಪ್ಪಿನ ಬೆಟ್ಟ ಇತ್ತು, ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿದು ತರುವ ಕಾಡು. ಜಾಗ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದ್ದು. ಅಪ್ಪ ಮರ ಹತ್ತಿ ಕಡಿದು ಹಾಕುತ್ತಿದ್ದರು, ನಾನು ಹೊರೆ ಕಟ್ಟುತ್ತಿದ್ದೆ. ಆ ಕೆಲಸ ಒಂದು ದಿನವೂ ನನಗೆ ಇಷ್ಟವಾಗಿರಲಿಲ್ಲ. ಬೆನ್ನಿಗೆ ಇರುವೆ, ಕತ್ತಿನೊಳಗೆ ಕಸ, ಸಂಜೆ ಶಾಲೆಯ ಹುಡುಗರೆಲ್ಲ ಆಡುವಾಗ ನನಗೆ ಹೊರೆ. ಓದು ಮುಗಿಸಿ ಅಲ್ಲಿಂದ ಹೊರಟದ್ದೂ ಅದಕ್ಕೇ. ಈಗ ಯೋಚಿಸಿದರೆ ಅನ್ನಿಸುತ್ತದೆ, ನನಗೆ ಯಾರೂ ದುಡಿಯದ ಒಂದು ನೆಲ ಬೇಕಿತ್ತು. ನೋಡಿದರೆ ಸಾಕು, ನನ್ನಿಂದ ಏನೂ ಕೇಳದ ನೆಲ. ಎಕ್ಸ್‌ಮೂರ್‌ನಲ್ಲಿ ಅದು ಸಿಕ್ಕಿತು ಅಂದುಕೊಂಡೆ. ಬೇಕಾದ್ದನ್ನು ಕಾಣುವುದು ಸುಲಭ.

ಜುಲು

ಕಣಿವೆಯ ತಲೆಯಲ್ಲಿ ಸ್ಟೋಕ್ ಪೀರೋ ಅನ್ನುವ ಜಾಗ. ಒಂದು ಫಾರ್ಮು, ಒಂದು ಪುಟ್ಟ ಚರ್ಚು. ಸಮುದ್ರ ಮಟ್ಟದಿಂದ 1,000 ಅಡಿಗಿಂತ ಮೇಲಿರುವ ಈ ಚರ್ಚು ಎಕ್ಸ್‌ಮೂರ್‌ನಲ್ಲೇ ಎತ್ತರದ್ದು. ಒಳಗೆ ಒಂದು ಕತ್ತೆಯ ಚಿತ್ರ ತೂಗುಹಾಕಿದ್ದಾರೆ. 1897ರಲ್ಲಿ ಚರ್ಚನ್ನು ದುರಸ್ತಿ ಮಾಡಿದಾಗ ಮಾಡಿಗೆ ಬೇಕಾದ ಓಕ್ ಮರವನ್ನು ಪೋರ್ಲಾಕ್‌ನಿಂದ ಹೊತ್ತು ತಂದದ್ದು ಜುಲು ಅನ್ನುವ ಕತ್ತೆ, ದಿನಕ್ಕೆ ಎರಡು ಸಲ. ನಾನು ಓದಿ ಹೇಳಿದೆ. ಅಪ್ಪ ಟೋಪಿ ತೆಗೆದರು. ತಲೆಯೆತ್ತಿ ಮಾಡಿನ ಜಂತೆಗಳನ್ನು ಒಂದೊಂದಾಗಿ ನೋಡಿದರು. ನಾವು ಆ ಹೊತ್ತಿಗೆ ಕತ್ತಿನ ತನಕ ಬೆವತಿದ್ದೆವು, ಬೆನ್ನಿಗೆ ಬುತ್ತಿಯ ಚೀಲ ಬಿಟ್ಟು ಬೇರೇನೂ ಇರಲಿಲ್ಲ. ‘ಈ ಏರು. ದಿನಕ್ಕೆ ಎರಡು ಸಲ’ ಅಂದರು. ಹೊರಗೆ ಕಲ್ಲಿನ ಗೋಡೆಯ ಪಕ್ಕ ಚಪಾತಿ ತಿನ್ನುವಾಗಲೂ ಅದನ್ನೇ ಯೋಚಿಸುತ್ತಿದ್ದರು. ಕಟ್ಟಿಸಿದವರ ಹೆಸರು ಎಲ್ಲ ಕಡೆ ಇರುತ್ತದೆ, ಹೊತ್ತವರದ್ದು ಇಟ್ಟಿದ್ದಾರೆ ನೋಡು ಅಂದರು.

ಬಯಲು

ಅಲ್ಲಿಂದ ಮೇಲೆ ಬಂದದ್ದೇ ಆ ಗೇಟು, ನನ್ನ ಆ ಮಾತು. ಅಪ್ಪ ಬೆರಳಲ್ಲಿ ಹಿಡಿದು ನೋಡಿದ್ದು ಹೆದರ್ ಗಿಡ. (ಹೆಸರು ಕೇಳಿ ‘ಯಾಕೆ ಹೆದರ್ಬೇಕು?’ ಅಂತ ನಕ್ಕರು.) ಮೊಣಕಾಲೆತ್ತರದ ಗಟ್ಟಿ ಪೊದೆ, ಆಗಸ್ಟ್‌ನಲ್ಲಿ ಗುಡ್ಡವೆಲ್ಲ ಅದರ ಹೂವು. ನಡುವೆ ಹಳದಿ ಹೂವಿನ ಮುಳ್ಳುಪೊದೆ, ಗೋರ್ಸ್. ಅಪ್ಪ ತೋರಿಸಿದ ಗಿಡದ ತುದಿ ಕತ್ತರಿಸಿದ ಹಾಗಿತ್ತು, ಕುರಿಯೋ ಕುದುರೆಯೋ ಕಚ್ಚಿದ ಗುರುತು. ಆಮೇಲೆ ಎದುರಿನ ಇಳಿಜಾರು ತೋರಿಸಿದರು. ಒಂದು ಪಟ್ಟಿಯಲ್ಲಿ ಗಿಡ ಗಿಡ್ಡ, ಎಳೆ ಹಸಿರು. ಪಕ್ಕದ ಪಟ್ಟಿಯಲ್ಲಿ ಎತ್ತರ, ಬುಡ ಕಟ್ಟಿಗೆಯಾಗಿದೆ. ‘ಆ ಕಡೆದು ಸುಟ್ಟು ಮೂರ್ನಾಲ್ಕು ವರ್ಷ ಆಗಿರಬೇಕು’ ಅಂದರು. ನಾನು ಆ ಪಟ್ಟಿಗಳನ್ನು ಮೋಡದ ನೆರಳು ಅಂದುಕೊಂಡು ಎಷ್ಟು ಸಲ ನೋಡಿದ್ದೇನೆ.

ಸುಡುವುದಕ್ಕೆ ಇಲ್ಲಿಯ ಮಾತು ಸ್ವೇಲಿಂಗ್. ಎತ್ತರದ ಗುಡ್ಡಗಳಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 15ರ ತನಕ ಮಾತ್ರ ಸುಡಬಹುದು, ಹಕ್ಕಿಗಳು ನೆಲದಲ್ಲಿ ಗೂಡು ಮಾಡುವ ಕಾಲ ತಪ್ಪಿಸಿ. ಹಳೆ ಗಿಡ ಸುಟ್ಟರೆ ಎಳೆ ಚಿಗುರು ಬರುತ್ತದೆ, ಸಾಕುಪ್ರಾಣಿಗೆ ಮೇವಾಗುತ್ತದೆ. ಈ ಗುಡ್ಡ ಇರುವುದೇ ಹಾಗೆ ಇಟ್ಟುಕೊಂಡದ್ದರಿಂದ. ಕಂಚಿನ ಯುಗದ ಹೊತ್ತಿಗೆ, ಅಂದರೆ ಮೂರು ನಾಲ್ಕು ಸಾವಿರ ವರ್ಷದ ಹಿಂದೆ, ಜನ ಇಲ್ಲಿನ ಕಾಡು ಕಡಿದು ದನ ಮೇಯಿಸಿದರು. ಮರ ಹೋದ ಮೇಲೆ ಮಳೆ ಮಣ್ಣಿನ ಸಾರವನ್ನು ಕೆಳಕ್ಕೆ ಇಳಿಸಿತು. ಹುಳಿ ಮಣ್ಣು ಉಳಿಯಿತು. ಅದರಲ್ಲಿ ಬರುವುದು ಹೆದರ್‌ನಂಥ ಗಿಡವೇ. ಆ ಜನ ತಮ್ಮವರನ್ನು ಹೂತ ಕಲ್ಲುಗುಡ್ಡೆಗಳು ಡಂಕರಿಯ ಏಣಿನ ಮೇಲೆ ಈಗಲೂ ಇವೆ. ಮೇಯಿಸುವುದು, ಸುಡುವುದು ಎರಡೂ ನಿಂತರೆ ಮೊದಲು ಗುಡ್ಡದ ಜರಿ, ಮುಳ್ಳುಪೊದೆ, ಆಮೇಲೆ ಬರ್ಚ್, ರೋವನ್ ಮರಗಳು ಬರುತ್ತವೆ. ನಿಧಾನಕ್ಕೆ ಕೆಳಗಿನ ಓಕ್ ಕಾಡೂ ಮೇಲೆ ಹತ್ತಬಹುದು. ಹಾಗೆ ಹತ್ತಲಿ ಬಿಡಿ ಅನ್ನುವವರು ಇವತ್ತು ಬಹಳ ಜನ ಇದ್ದಾರೆ. ಅವರ ಮಾತಲ್ಲಿ ಹುರುಳಿದೆ. ಅತಿಯಾಗಿ ಮೇಯಿಸಿ, ಹೊತ್ತಲ್ಲದ ಹೊತ್ತಲ್ಲಿ ಸುಟ್ಟು ಹಾಳಾದ ಗುಡ್ಡಗಳೂ ಇವೆ. ನನಗೆ ಕೆಲವು ಕಣಿವೆಗಳ ಅಂಚಿನಲ್ಲಿ ಮರ ಮೇಲಕ್ಕೆ ಬರಲಿ ಅಂತಲೇ ಆಸೆ. ಆದರೆ ಈ ಬಯಲು ಪೂರ್ತಿ ಹೋಗಬಾರದು. ಇದು ಯಾರದ್ದೂ ಅಲ್ಲದ ಖಾಲಿ ಜಾಗ ಅನ್ನುವ ಹಾಗೆ ಮಾತಾಡುವುದನ್ನು ನಾನಂತೂ ಬಿಟ್ಟಿದ್ದೇನೆ.

‘ಯಾರದ್ದು ಈ ಜಾಗ?’ ಅಂತ ಅಪ್ಪ ಕೇಳಿಯೇ ಕೇಳಿದರು. ಡಂಕರಿಯ ತುದಿಯಲ್ಲಿ ದೊಡ್ಡ ಕಲ್ಲುರಾಶಿ ಕಟ್ಟಿ ಅದರಲ್ಲಿ ಬರೆದಿದ್ದಾರೆ, 1935ರಲ್ಲಿ ಈ ಗುಡ್ಡವನ್ನು ಇಂಥ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಗೆ ಕೊಟ್ಟದ್ದು. ಕೆಳಗಿನ ಕಾಡು, ಹಳ್ಳಿ, ಫಾರ್ಮುಗಳು ಸೇರಿದ ಹಾಲ್ನಿಕೋಟ್ ಎಸ್ಟೇಟನ್ನು (ಬರೆಯುವುದು ಹಾಗೆ, ಕರೆಯುವುದು ಹನಿಕಟ್) ಸರ್ ರಿಚರ್ಡ್ ಆಕ್ಲಂಡ್ 1944ರಲ್ಲಿ ಕೊಟ್ಟರು. ಸುಮಾರು 12,500 ಎಕರೆ. ಆಸ್ತಿ ಎಲ್ಲರದ್ದಾಗಬೇಕು ಅಂತ ರಾಜಕೀಯದಲ್ಲಿ ಹೇಳುತ್ತಿದ್ದ ಮನುಷ್ಯ. ಆದರೆ ಮೇಯಿಸುವ ಹಕ್ಕು ಇಲ್ಲಿನ ಕೆಲವು ಫಾರ್ಮುಗಳಿಗೆ ಹಿಂದಿನಿಂದ ಬಂದದ್ದು. ಇಂಥವರು ಇಷ್ಟು ಕುರಿ, ಇಷ್ಟು ದನ, ಇಷ್ಟು ಕುದುರೆ ಬಿಡಬಹುದು ಅಂತ ಲೆಕ್ಕವಿದೆ. ‘ಜಾಗ ಒಬ್ಬರದ್ದು, ಹಕ್ಕು ಇನ್ನೊಬ್ಬರದ್ದು. ನಮ್ಮ ಬೆಟ್ಟದ ಹಾಗೆ’ ಅಂದರು ಅಪ್ಪ. ಮೂಗಿನ ಸುತ್ತ ಹಿಟ್ಟು ಬಳಿದ ಹಾಗಿರುವ ಕಂದು ಕುದುರೆಗಳು ದೂರದಲ್ಲಿ ನಿಂತಿದ್ದವು, ಎಕ್ಸ್‌ಮೂರ್ ಪೋನಿಗಳು. ಎರಡನೇ ಮಹಾಯುದ್ಧ ಮುಗಿದಾಗ ಇವು ಸುಮಾರು 50 ಉಳಿದಿದ್ದವಂತೆ. ಕಾಡುಕುದುರೆ ಅಂತ ಎಲ್ಲರೂ ಹೇಳುತ್ತಾರೆ. ಇವಕ್ಕೂ ಯಜಮಾನರಿದ್ದಾರೆ.

ದಾರಿಯಲ್ಲಿ ವರ್ಟ್ ಹಣ್ಣು ಸಿಕ್ಕಿತು. ಹೆದರ್ ನಡುವೆ ಬೆಳೆಯುವ ಸಣ್ಣ ನೀಲಿ ಹಣ್ಣು. ತಿಂದರೆ ನಾಲಗೆ ನೇರಳೆ ಹಣ್ಣು ತಿಂದ ಹಾಗೆ ಆಗುತ್ತದೆ. ಜರಿಯ ಪೊದೆ ಹಾದುಹೋಗುವಾಗ ಮಾತ್ರ ಪ್ಯಾಂಟನ್ನು ಸಾಕ್ಸಿನೊಳಗೆ ಹಾಕಿಕೊಳ್ಳಿ ಅಂದೆ, ಉಣುಗು ಇರುತ್ತದೆ, ಅದರಿಂದ ಲೈಮ್ ಕಾಯಿಲೆ ಬರಬಹುದು. ಎರಡನೇ ಸಲ ಹೇಳಬೇಕಾಗಲಿಲ್ಲ. ಮಂಗನ ಕಾಯಿಲೆಯ ಸೀಮೆಯಲ್ಲಿ ಬದುಕಿದವರಿಗೆ ಉಣುಗಿನ ವಿಷಯ ಯಾರೂ ಕಲಿಸಬೇಕಾಗಿಲ್ಲ.

ಮಂಜು

ತುದಿ ತಲುಪಿ ಹತ್ತು ನಿಮಿಷ ಆಗಿತ್ತು. ಉತ್ತರಕ್ಕೆ ಬ್ರಿಸ್ಟಲ್ ಚಾನೆಲ್ ಅನ್ನುವ ಕಡಲತೋಳು, ಅದರ ಆಚೆ ವೇಲ್ಸಿನ ತೀರ ಕಾಣುತ್ತಿತ್ತು. ಅಪ್ಪನಿಗೆ ತೋರಿಸಲು ಬೆರಳು ಎತ್ತಿದೆ. ನೋಡುತ್ತಿದ್ದ ಹಾಗೇ ಆ ತೀರ ಅಳಿಸಿಹೋಯಿತು. ಆಮೇಲೆ ಸಮುದ್ರ, ಆಮೇಲೆ ಕೆಳಗಿನ ಕಾಡು. ಎರಡು ನಿಮಿಷದಲ್ಲಿ ಕಲ್ಲುರಾಶಿ ಬಿಟ್ಟು ಏನೂ ಇಲ್ಲ. ಇಪ್ಪತ್ತು ಹೆಜ್ಜೆ ಆಚೆ ಬಿಳಿ ಗೋಡೆ. ನೂರು ಮೀಟರ್ ಏರಿದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಚಳಿ ಏರುತ್ತದೆ. ಹೊರಡುವಾಗ ಹಾರ್ನರ್‌ನಲ್ಲಿ ಅಂಗಿಯಲ್ಲಿದ್ದವರು ನಾವು. ಈಗ ಗಾಳಿ, ಹನಿ ಎರಡೂ ಸೇರಿ ಹಲ್ಲು ಕಟಕಟ ಅನ್ನತೊಡಗಿತು. ಫೋನ್ ತೆಗೆದೆ. ಪರದೆ ಒದ್ದೆಯಾಗಿ ಬೆರಳು ಎಲ್ಲಿಟ್ಟರೂ ಇನ್ನೆಲ್ಲೋ ಒತ್ತುತ್ತಿತ್ತು. ನಾನು ಬಂದ ಕಡೆ ಇದೇ ಅಂದುಕೊಂಡು ನಾಲ್ಕು ಹೆಜ್ಜೆ ಹಾಕಿದೆ. ದಾರಿಗಳು ತುದಿಯಿಂದ ಎಲ್ಲ ದಿಕ್ಕಿಗೂ ಹೋಗುತ್ತವೆ, ಎಲ್ಲವೂ ಒಂದೇ ತರ ಕಾಣುತ್ತವೆ. 68 ವರ್ಷದವರನ್ನು ಇಲ್ಲಿಗೆ ಕರೆತಂದವನು ನಾನು. ಕೈ ನಡುಗಿತು.

‘ಕೂತ್ಕೋ’ ಅಂದರು ಅಪ್ಪ. ಅವರಾಗಲೇ ಕಲ್ಲುರಾಶಿಯ ಗಾಳಿ ಇಲ್ಲದ ಮಗ್ಗುಲಲ್ಲಿ ಬೆನ್ನು ಕೊಟ್ಟು ಕೂತಿದ್ದರು. ‘ಮಂಜಲ್ಲಿ ನಡೀಬಾರದು. ಮೊದಲು ಉಸಿರು ತಗೋ.’ ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿ ಕುಡಿದೆವು. ಹೊದೆಯಲು ಇದ್ದದ್ದನ್ನೆಲ್ಲ ಹೊದ್ದೆವು. ಸ್ವಲ್ಪ ಹೊತ್ತಾದ ಮೇಲೆ ಅವರು ಕೇಳಿದರು, ‘ಹತ್ತುವಾಗ ಗಾಳಿ ಎಲ್ಲಿಗೆ ಹೊಡೀತಿತ್ತು?’ ನನಗೆ ನೆನಪಿಲ್ಲ. ಅವರಿಗೆ ನೆನಪಿತ್ತು. ‘ಬಲಗಿವಿಯ ಹಿಂದೆ. ನಾವೀಗ ಇಳಿಯೋದು ಯಾವ ಕಡೆಗೆ?’ ನಾನು ಕಾಗದದ ನಕ್ಷೆ ಬಿಚ್ಚಿದೆ. 4 ಸೆಂಟಿಮೀಟರಿಗೆ 1 ಕಿಲೋಮೀಟರ್ ತೋರಿಸುವ ಆರ್ಡ್‌ನೆನ್ಸ್ ಸರ್ವೆಯ ನಕ್ಷೆ, ಎಷ್ಟೋ ವರ್ಷದಿಂದ ಚೀಲದ ತಳದಲ್ಲಿ ಮಡಿಸಿಟ್ಟದ್ದು. ದಿಕ್ಸೂಚಿ ಇಟ್ಟು ನೋಡಿದೆ. ವೆಬರ್ಸ್ ಪೋಸ್ಟ್‌ಗೆ ಇಳಿಯುವ ದಾರಿ ಈಶಾನ್ಯಕ್ಕೆ. ಗಾಳಿ ಪಡುವಣದ್ದು. ‘ಹಾಗಾದ್ರೆ ಎಡಗಿವಿಗೆ ಬರಬೇಕು’ ಅಂದರು ಅಪ್ಪ. ಅರ್ಧ ಗಂಟೆ ಕಾದೆವು. ಮಂಜು ಹೋಗಲಿಲ್ಲ, ತೆಳುವಾಯಿತು. ಎದ್ದೆವು. ನಾನು ದಿಕ್ಸೂಚಿ ಹಿಡಿದು ಮುಂದೆ, ಅಪ್ಪ ನನ್ನ ಚೀಲದ ಪಟ್ಟಿ ಹಿಡಿದು ಹಿಂದೆ. ಆಗಾಗ ಅವರು ‘ಎಡಗಿವಿ’ ಅನ್ನುತ್ತಿದ್ದರು, ನಾನು ಸೂಜಿ ನೋಡಿ ‘ಸರಿ ಇದೆ’ ಅನ್ನುತ್ತಿದ್ದೆ. ಮುಕ್ಕಾಲು ಗಂಟೆಯ ಮೇಲೆ ಮಂಜಿನ ಕೆಳಗೆ ಇಳಿದೆವು. ಓಕ್ ಕಾಡಿನ ತಲೆಗಳು ಒದ್ದೆಯಾಗಿ ಹೊಳೆಯುತ್ತಿದ್ದವು.

ಅಪ್ಪ ಸೆಪ್ಟೆಂಬರ್‌ನಲ್ಲಿ ವಾಪಸ್ ಹೋದರು. ಈ ಫೆಬ್ರವರಿಯಲ್ಲಿ ಒಬ್ಬನೇ ಹಾರ್ನರ್‌ಗೆ ಹೋಗಿದ್ದೆ. ಎಲೆ ಉದುರಿದ ಕಾಡಿನಲ್ಲಿ ಕಡಿದ ಗುರುತುಗಳು ಇನ್ನೂ ಚೆನ್ನಾಗಿ ಕಂಡವು. ಇದ್ದಿಲ ತಟ್ಟುಗಳನ್ನು ಎಣಿಸಿಕೊಂಡು ಹೋದೆ, ಆರು ಸಿಕ್ಕವು. ಕೊನೆಯ ಗೇಟಿಗೆ ಚಿಲಕ ಹಾಕಿ, ಎಳೆದು ನೋಡಿ, ಬಯಲಿಗೆ ಬಂದೆ. ಎದುರಿನ ಇಳಿಜಾರಿನಲ್ಲಿ ಹೊಗೆ. ನಾಲ್ಕೈದು ಜನ ಉದ್ದನೆಯ ಹಿಡಿಯ ಬಡಿಗೆ ಹಿಡಿದು ಬೆಂಕಿಯ ಅಂಚನ್ನು ತಟ್ಟುತ್ತಿದ್ದರು. ಅಷ್ಟು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. ನಿಂತಲ್ಲೇ ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಸಂಜೆ, ಅವರು ಆಗ ತಾನೇ ತೋಟದಿಂದ ಬಂದಿದ್ದರು. ‘ಅಪ್ಪ, ಆ ಗುಡ್ಡ ಸುಡ್ತಾ ಇದ್ದಾರೆ’ ಅಂದೆ.

‘ಗಾಳಿ ಯಾವ ಕಡೆಗಿದೆ?’ ಅಂದರು.

ನಾನು ಕಣ್ಣು ಮುಚ್ಚಿ ನಿಂತೆ. ‘ಬಲಗಿವಿಯ ಹಿಂದೆ’ ಅಂದೆ.